ಬೇಟೆಗಾರನ ಕಾಣಿಕೆ, ಶ್ರಾವಕನ ಹೊಣೆ

ಕೊಲ್ಲುವವನೇ ಕಾಯುವವನೂ ಆಗಬಲ್ಲನೆ? ಬೇಟೆಯಿಂದ ಬಂದ ಹಣವು ಅರಣ್ಯವನ್ನು ಉಳಿಸಿ, ಅಳಿದೇ ಹೋಗಲಿದ್ದ ಒಂದು ಪಕ್ಷಿಕುಲವನ್ನು ಮರಳಿ ಬೆಳೆಸಿದರೆ, ಆ ಬೇಟೆಯ ದೋಷ ತೊಳೆದುಹೋಗುವುದೆ? ಮೇಲುನೋಟಕ್ಕೆ ಇದು ದೂರದೇಶದ ಪ್ರಶ್ನೆಯೆಂದು ತೋರಬಹುದು. ಆದರೆ ಅಮೆರಿಕೆಯಲ್ಲಿ ನೆಲೆಸಿರುವ ದಿಗಂಬರ ಜೈನ ಕುಟುಂಬಗಳ ಮಕ್ಕಳಿಗೆ ಇದು ನೆರೆಮನೆಯ ಪ್ರಶ್ನೆ. ಆ ದೇಶದಲ್ಲಿ ವನ್ಯಜೀವಿಗಳನ್ನು ಉಳಿಸಿದವರು ಬೇಟೆಗಾರರೇ ಎಂಬ ಮಾತು ಅಲ್ಲಿ ಬಹಳ ಪ್ರಚಲಿತವಾಗಿದೆ. ಅದನ್ನು ಕೇಳಿ ಬಂದ ಮಗುವಿಗೆ ‘ಬೇಟೆ ಪಾಪ’ ಎಂದಷ್ಟೇ ಹೇಳಿ ಸುಮ್ಮನಾಗುವ ತಂದೆತಾಯಿಯರು ಸಪ್ತವ್ಯಸನಗಳ ಪಾಠವನ್ನು ಒಪ್ಪಿಸಿದಂತಾಯಿತೇ ಹೊರತು ಮಗುವಿನ ಸಂಶಯವನ್ನು ಪರಿಹರಿಸಿದಂತಾಗಲಿಲ್ಲ. ಸಂಶಯ ಪರಿಹಾರವಾಗಬೇಕಾದರೆ ನಡೆದುದೇನೆಂಬುದನ್ನು ಮೊದಲು ಪಕ್ಷಪಾತವಿಲ್ಲದೆ ತಿಳಿಯಬೇಕು.

ಕಾಡು ಟರ್ಕಿ ಕೋಳಿ ಉತ್ತರ ಅಮೆರಿಕದ ಮೂಲನಿವಾಸಿ. ಹೆಸರು ಟರ್ಕಿ ದೇಶದ್ದಾದರೂ ಪಕ್ಷಿಗೂ ಆ ದೇಶಕ್ಕೂ ಹುಟ್ಟಿನ ಸಂಬಂಧವಿಲ್ಲ. ಸಾಕಿದ ಟರ್ಕಿ ಕೋಳಿಯೊಂದು 1612ರಲ್ಲಿ ಗೋವೆಯಿಂದ ಜಹಾಂಗೀರನ ಆಸ್ಥಾನಕ್ಕೆ ಬಂದು, ಚಿತ್ರಕಾರ ಮನ್ಸೂರನ ಕುಂಚಕ್ಕೆ ವಸ್ತುವಾಯಿತು. ತನ್ನ ತವರಿನಲ್ಲಿ ಮಾತ್ರ ಈ ಪಕ್ಷಿಯ ಕಾಡುಕುಲಕ್ಕೆ ಕೇಡು ಒದಗಿತು. ಯುರೋಪಿನಿಂದ ಬಂದು ನೆಲೆಸಿದವರು ಹೊಲಕ್ಕಾಗಿ ಕಾಡನ್ನು ಕಡಿದರು. ಮಾರುಕಟ್ಟೆಗಾಗಿ ವರ್ಷದ ಎಲ್ಲ ಕಾಲದಲ್ಲಿಯೂ ಹಕ್ಕಿಯನ್ನು ಕೊಂದರು. ಮ್ಯಾಸಚೂಸೆಟ್ಸ್ ರಾಜ್ಯದ ಕೊನೆಯ ಕಾಡು ಟರ್ಕಿ 1851ರಲ್ಲಿ ಮೌಂಟ್ ಟಾಮ್ ಬೆಟ್ಟದಲ್ಲಿ ಹತವಾಯಿತು. 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಉಳಿದಿದ್ದವು ಸುಮಾರು 2 ಲಕ್ಷವೆಂದು ಅಂದಾಜು. ಇದರ ನಡುವೆ, ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುವಂತೆ ಹಾರುತ್ತಿದ್ದ ಪ್ರಯಾಣಿಕ ಪಾರಿವಾಳವೆಂಬ ಜಾತಿ ಸಂಪೂರ್ಣವಾಗಿ ನಾಶವಾಯಿತು. ಅದರ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದ ಪಂಜರದಲ್ಲಿ ಸತ್ತಿತು.

ಆ ದೇಶ ಎಚ್ಚತ್ತುದು ಹೀಗೆ: 1900ರ ಲೇಸಿ ಶಾಸನವು ಅಕ್ರಮವಾಗಿ ಕೊಂದ ಪಕ್ಷಿಮೃಗಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಮಾರುವುದನ್ನು ನಿಷೇಧಿಸಿತು. ಅನೇಕ ರಾಜ್ಯಗಳು ಟರ್ಕಿ ಬೇಟೆಯನ್ನೇ ನಿಲ್ಲಿಸಿದವು. 1937ರಲ್ಲಿ ಪಿಟ್‌ಮನ್ ಮತ್ತು ರಾಬರ್ಟ್‌ಸನ್ ಎಂಬ ಇಬ್ಬರು ಶಾಸಕರ ಹೆಸರಿನ ಕಾಯಿದೆ ಬಂದಿತು. ಬೇಟೆಯ ಬಂದೂಕು ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗಾಗಿಯೇ ಮೀಸಲಿಟ್ಟು, ರಾಜ್ಯವು 1 ಡಾಲರ್ ವೆಚ್ಚ ಮಾಡಿದರೆ ಕೇಂದ್ರವು 3 ಡಾಲರ್ ಕೊಡುವ ಏರ್ಪಾಡಾಯಿತು. ಬೇಟೆಯ ಪರವಾನಗಿಯ ಹಣವನ್ನು ಅನ್ಯ ಕಾರ್ಯಕ್ಕೆ ತಿರುಗಿಸಕೂಡದೆಂಬ ಕಟ್ಟಳೆಯೂ ಸೇರಿತು. ಈ ತೆರಿಗೆಯ ಹುಟ್ಟುವಳಿ ಇತ್ತೀಚಿನ ಕೆಲವು ವರ್ಷಗಳಲ್ಲಿ 100 ಕೋಟಿ ಡಾಲರನ್ನೂ ಮೀರಿದೆ. ತೆರಿಗೆಯನ್ನು ಹೀಗೆ ಮೀಸಲಿಡುವುದನ್ನು ಬೇಟೆಗಾರರೇ ಬೆಂಬಲಿಸಿದರೆಂಬುದು ಸತ್ಯ. ಅದನ್ನು ಮರೆಮಾಚುವುದು ಸತ್ಯಾಣುವ್ರತಕ್ಕೆ ಸಲ್ಲದು.

ಹಕ್ಕಿಯನ್ನು ಮರಳಿ ತರುವ ಕೆಲಸ ಸುಲಭವಾಗಿರಲಿಲ್ಲ. ಗೂಡಿನಲ್ಲಿ ಸಾಕಿದ ಮರಿಗಳನ್ನು ಮೊದಲು ಕಾಡಿಗೆ ಬಿಟ್ಟರು. ತಾಯಿಯಿಂದ ಕಾಡಿನ ಭಯವನ್ನೂ ಆಹಾರವನ್ನೂ ಕಲಿಯದ ಆ ಮರಿಗಳು ಬದುಕಲಿಲ್ಲ. 1950ರ ದಶಕದಿಂದ, ಸಿಡಿಮದ್ದಿನ ಬಲದಿಂದ ಕ್ಷಣಮಾತ್ರದಲ್ಲಿ ಹರಡುವ ಬಲೆಯಿಂದ ಕಾಡುಹಕ್ಕಿಗಳನ್ನೇ ಜೀವಂತವಾಗಿ ಹಿಡಿದು, ಬರಿದಾದ ಕಾಡುಗಳಿಗೆ ಸಾಗಿಸಿದರು. ಮ್ಯಾಸಚೂಸೆಟ್ಸ್ ರಾಜ್ಯಕ್ಕೆ 1972–73ರಲ್ಲಿ ನ್ಯೂಯಾರ್ಕ್ ರಾಜ್ಯದಿಂದ ತಂದ ಹಕ್ಕಿಗಳು ಕೇವಲ 37. ಅವುಗಳ ಸಂತತಿ ಈಗ 25 ಸಾವಿರಕ್ಕೂ ಮಿಗಿಲು. 1973ರಲ್ಲಿ ಟರ್ಕಿ ಬೇಟೆಗಾರರ ರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದಾಗ ದೇಶದಲ್ಲಿ ಸುಮಾರು 13ರಿಂದ 15 ಲಕ್ಷ ಹಕ್ಕಿಗಳಿದ್ದವು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅವು 70 ಲಕ್ಷದ ಸಮೀಪಕ್ಕೆ ಬಂದವು. ಅನಂತರ ಕೆಲವು ಪ್ರದೇಶಗಳಲ್ಲಿ ಇಳಿಮುಖವಾಗಿವೆ.

ಇದು ನಡೆದ ಸಂಗತಿ. ಇನ್ನು ವಿಚಾರ.

ಮೊದಲನೆಯ ಶಂಕೆ ಇದು: ಕೆಲವು ಜೀವಗಳ ಹರಣದಿಂದ ಲಕ್ಷಾಂತರ ಜೀವಗಳು ಬದುಕಿದುದರಿಂದ ಇಲ್ಲಿ ಹಿಂಸೆಗಿಂತ ದಯೆಯೇ ಅಧಿಕವಲ್ಲವೆ? ಈ ವಾದ ಹೊಸದಲ್ಲ. ಕ್ರೂರಪ್ರಾಣಿಯೊಂದನ್ನು ಕೊಂದರೆ ಅನೇಕ ಪ್ರಾಣಿಗಳು ಉಳಿಯುತ್ತವೆಂಬ ತರ್ಕವನ್ನು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಎತ್ತಿಕೊಂಡು, ಹಾಗೆ ಭಾವಿಸಿ ಕೊಲ್ಲಲಾಗದೆಂದು ನಿರ್ಣಯಿಸಿದ್ದಾರೆ. ಕ್ರೂರಪ್ರಾಣಿಯ ವಿಷಯದಲ್ಲಿಯೇ ಸಲ್ಲದ ತರ್ಕ, ಯಾರಿಗೂ ಕೇಡು ಬಗೆಯದೆ ಕಾಳು, ಹುಳು, ಓಕ್ ಮರದ ಕಾಯಿಗಳನ್ನು ಆಯ್ದು ತಿನ್ನುವ ಹಕ್ಕಿಯ ವಿಷಯದಲ್ಲಿ ಸಲ್ಲುವುದೆಂತು?

ಹಿಂಸೆಯನ್ನು ಅಳೆಯುವ ಕೋಲು ಸತ್ತ ಜೀವಗಳ ಲೆಕ್ಕವಲ್ಲ, ಕರ್ತೃವಿನ ಭಾವ. ಉಳುವಾಗ ರೈತನ ನೇಗಿಲಿಗೆ ಜೀವಿಗಳು ಸಿಕ್ಕುತ್ತವೆ. ದಿನವೆಲ್ಲ ಬಲೆ ಬೀಸಿದ ಬೆಸ್ತನಿಗೆ ಒಂದು ಮೀನೂ ಸಿಕ್ಕದಿರಬಹುದು. ಆದರೂ ಕೊಲ್ಲುವ ಭಾವವಿರುವುದು ಬೆಸ್ತನಲ್ಲಿ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ. ಸಂಕಲ್ಪೀ ಹಿಂಸೆಯನ್ನು ಮಾತ್ರ ಬಿಡಲೇಬೇಕು. ವಿನೋದದ ಬೇಟೆ ಶುದ್ಧ ಸಂಕಲ್ಪೀ ಹಿಂಸೆ. ಇದರ ತೀವ್ರತೆಯನ್ನು ಕನ್ನಡ ನಾಡಿನ ಶ್ರಾವಕನಿಗೆ ಬೇರೆಯಾಗಿ ತಿಳಿಸಬೇಕಿಲ್ಲ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಪ್ರಾಣಹರಣವಿಲ್ಲದೆ, ಸಂಕಲ್ಪಮಾತ್ರದಿಂದ ನಡೆದ ಆ ಬಲಿಗೆ ತಾಯಿ–ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ಪರಿತಪಿಸಬೇಕಾಯಿತು. ಹಿಟ್ಟಿನ ಕೋಳಿಯ ಪಾಡು ಇದಾದರೆ, ಉಸಿರಾಡುವ ಕೋಳಿಯ ಮಾತೇನು?

ಟರ್ಕಿಯ ಬೇಟೆಯಲ್ಲಿ ಇನ್ನೊಂದು ದೋಷವೂ ಬೆರೆತಿದೆ. ವಸಂತಕಾಲದಲ್ಲಿ ಗಂಡುಹಕ್ಕಿಯು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಕೂಗಿ ಹೆಣ್ಣನ್ನು ಕರೆಯುತ್ತದೆ. ಬೇಟೆಗಾರನು ಮರದ ಮರೆಯಲ್ಲಿ ಅಲುಗಾಡದೆ ಕುಳಿತು, ಸಣ್ಣ ಉಪಕರಣದಿಂದ ಹೆಣ್ಣುಹಕ್ಕಿಯ ದನಿಯನ್ನು ಅನುಕರಿಸುತ್ತಾನೆ. ಸಂಗಾತಿ ಕರೆದಳೆಂದು ನಂಬಿ ಬಂದ ಹಕ್ಕಿಗೆ ಎದುರಾಗುವುದು ಗುಂಡು. ಸ್ಪರ್ಶಕ್ಕೆ ಆನೆ, ರಸಕ್ಕೆ ಮೀನು, ಗಂಧಕ್ಕೆ ದುಂಬಿ, ರೂಪಕ್ಕೆ ಪತಂಗ, ಶಬ್ದಕ್ಕೆ ಜಿಂಕೆ ಕೆಡುವುದೆಂದು ಹಿರಿಯರು ಹೇಳುವ ದೃಷ್ಟಾಂತದಲ್ಲಿ ಈ ಹಕ್ಕಿಯನ್ನೂ ಜಿಂಕೆಯ ಪಕ್ಕದಲ್ಲಿ ಸೇರಿಸಬಹುದು. ಪ್ರಾಣಿಯ ವಿಶ್ವಾಸವನ್ನೇ ಉರುಲಾಗಿಸುವ ಈ ಕೌಶಲದಲ್ಲಿ ಹಿಂಸೆಯೊಡನೆ ಮಾಯಾಕಷಾಯವೂ ಕೂಡಿಕೊಂಡಿದೆ.

ಎರಡನೆಯ ಶಂಕೆ: ಆ ಬೇಟೆಗಾರರು ಮಿತಿಯನ್ನು ಪಾಲಿಸುತ್ತಾರೆ, ಗೊತ್ತಾದ ಋತುವಿನಲ್ಲಿ, ಗೊತ್ತಾದ ಸಂಖ್ಯೆಯಷ್ಟು, ವಸಂತದಲ್ಲಿ ಬಹುಮಟ್ಟಿಗೆ ಗಂಡುಹಕ್ಕಿಗಳನ್ನು ಮಾತ್ರ ಕೊಲ್ಲುತ್ತಾರೆ. ಈ ಮಿತಿಯನ್ನು ಅಣುವ್ರತವೆನ್ನಬಾರದೇಕೆ? ಇದಕ್ಕೆ ಉತ್ತರವು ಮೃಗಸೇನನೆಂಬ ಬೆಸ್ತನ ಕಥೆಯಲ್ಲಿದೆ. ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಡುವೆನೆಂದು ಅವನು ಮುನಿಯ ಬಳಿ ವ್ರತ ಹಿಡಿದನು. ಆ ದಿನ ಅದೇ ಮೀನು ಐದು ಬಾರಿ ಬಲೆಗೆ ಬಿತ್ತು. ಐದು ಬಾರಿಯೂ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದನು. ಅದರ ಫಲವಾಗಿ ಮುಂದಿನ ಜನ್ಮದಲ್ಲಿ ಐದು ಬಾರಿ ಮೃತ್ಯುಮುಖದಿಂದ ಪಾರಾದನು. ಅಲ್ಪವ್ರತವೂ ವ್ರತವೇ ಎಂಬುದಕ್ಕೆ ಇದು ಸಾಕ್ಷಿ. ಆದರೆ ಮೃಗಸೇನನು ಮೀನನ್ನು ಬಿಟ್ಟದ್ದು ನಾಳೆ ಅದನ್ನು ಹಿಡಿಯಬೇಕೆಂದಲ್ಲ. ಪರವಾನಗಿಯ ಮಿತಿ ಇರುವುದೋ, ಬರುವ ವರ್ಷವೂ ಕೊಲ್ಲಲು ಹಕ್ಕಿಗಳು ಉಳಿದಿರಲೆಂದು. ಒಂದು ಮಿತಿ ನಿವೃತ್ತಿಯ ಕಡೆಗೆ ನಡೆಸುತ್ತದೆ. ಇನ್ನೊಂದು ಪ್ರವೃತ್ತಿಯನ್ನು ಕಾಪಾಡುತ್ತದೆ. ಕಾಯಿದೆಯ ದೃಷ್ಟಿಯಿಂದ ಎರಡನೆಯದೂ ಹಿತಕರವೇ. ಅದನ್ನು ವ್ರತವೆಂದು ಕರೆಯಲಾಗದು. ಆದರೂ ಸೂಕ್ಷ್ಮವೊಂದಿದೆ: ಮಿತಿಗೆ ಒಗ್ಗಿದ ಮನಸ್ಸು ಮುಂದೊಂದು ದಿನ ತ್ಯಾಗಕ್ಕೂ ಒಗ್ಗಬಹುದು. ಆದುದರಿಂದ ಅಂಥವರ ವಿಷಯದಲ್ಲಿ ಶ್ರಾವಕನಿಗೆ ದ್ವೇಷ ಸಲ್ಲದು, ಮಾಧ್ಯಸ್ಥ್ಯಭಾವವೇ ಯುಕ್ತ. ಅವರ ಶಿಸ್ತನ್ನು ಗುಣವೆಂದು ಗ್ರಹಿಸುವುದು ಬೇರೆ. ಕೊಲೆಯನ್ನು ಅನುಮೋದಿಸುವುದು ಬೇರೆ.

ಇನ್ನು ಮೂರನೆಯದನ್ನು ಗಮನಿಸಬೇಕು. ಹಕ್ಕಿಗಳನ್ನು ನಿಜವಾಗಿ ಬೆಳೆಸಿದ ಕ್ರಿಯೆಗಳಾವುವು? ಬೇಟೆಯನ್ನು ನಿಲ್ಲಿಸಿದ್ದು, ಮಾರಾಟವನ್ನು ತಡೆದದ್ದು, ರೈತರು ತೊರೆದ ಹೊಲಗಳಲ್ಲಿ ಕಾಡು ಮತ್ತೆ ತಾನಾಗಿ ಬೆಳೆದದ್ದು, ಹಕ್ಕಿಯನ್ನು ಕೊಲ್ಲದೆ ಹಿಡಿದು, ಸಾಗಿಸಿ, ಬಿಟ್ಟದ್ದು. ಈ ಪಟ್ಟಿಯಲ್ಲಿ ಕೊಲ್ಲುವ ಕ್ರಿಯೆ ಒಂದೂ ಇಲ್ಲ. ಒಂದು ಗುಂಡಿನಿಂದಲೂ ಒಂದು ಮೊಟ್ಟೆ ಒಡೆದು ಮರಿಯಾಗಲಿಲ್ಲ. ಬೇಟೆಯಿಂದ ಬಂದದ್ದು ಹಣ. ಹಕ್ಕಿ ಬಂದದ್ದು ಅಭಯದಿಂದ. ಹಣಕ್ಕೆ ಬೇರೆ ಮಾರ್ಗವಿದ್ದರೆ ಬೇಟೆಯ ಆವಶ್ಯಕತೆಯನ್ನು ಸಾರುವ ವಾದ ಅಲ್ಲಿಗೇ ಮುಗಿಯುತ್ತದೆ. ಬೇರೆ ಮಾರ್ಗವಿದೆಯೆಂಬುದನ್ನು ಅದೇ ದೇಶದ ಮಿಸೌರಿ ರಾಜ್ಯ ತೋರಿಸಿತು. ಅಲ್ಲಿಯ ಮತದಾರರು 1976ರಲ್ಲಿ, ಎಲ್ಲರೂ ಕೊಡುವ ಮಾರಾಟ ತೆರಿಗೆಯಲ್ಲಿ ಶೇಕಡ ಒಂದರ ಎಂಟನೆಯ ಒಂದು ಭಾಗವನ್ನು ಅರಣ್ಯ, ಮೀನು ಮತ್ತು ವನ್ಯಜೀವಿಗಳ ರಕ್ಷಣೆಗೆ ತಾವಾಗಿಯೇ ವಿಧಿಸಿಕೊಂಡರು. ಬಂದೂಕನ್ನು ಮುಟ್ಟದ ಗೃಹಿಣಿಯೂ ಅಲ್ಲಿ ಕಾಡಿನ ರಕ್ಷಕಳಾದಳು.

ಕರ್ನಾಟಕದಲ್ಲಿ ಇದಕ್ಕಿಂತ ಹಳೆಯ ಉದಾಹರಣೆಯಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರ ನಡುವಿನ ಹುಣಸೆ, ಅರಳಿ ಮರಗಳಲ್ಲಿ ತಲೆಮಾರುಗಳಿಂದ ಗೂಡು ಕಟ್ಟುತ್ತಿವೆ. ಗೂಡಿರುವ ಮರದ ಹುಣಸೆಯ ಆಸೆಯನ್ನು ಊರಿನವರು ಬಿಟ್ಟುಕೊಟ್ಟರು; ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡರು. 2007ರಲ್ಲಿ ಆ ಸ್ಥಳವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅವರು ಯಾವ ಅಣುವ್ರತದ ಹೆಸರನ್ನೂ ಹೇಳಿದವರಲ್ಲ. ಹೇಳದೆಯೇ ಅಭಯದಾನ ಮಾಡಿದರು.

ಇಲ್ಲಿಗೆ ಬೇಟೆಗಾರನ ವಾದಕ್ಕೆ ಸಮಾಧಾನವಾಯಿತು. ಆದರೆ ಪ್ರಶ್ನೆ ಈಗ ಶ್ರಾವಕನ ಕಡೆಗೆ ತಿರುಗುತ್ತದೆ. ಕೊಲ್ಲುವ ಬೇಟೆಗಾರನು ಪ್ರತಿವರ್ಷ ಕಾಡಿಗಾಗಿ ಹಣ ಕೊಟ್ಟನು. ಕೊಲ್ಲದ ಶ್ರಾವಕನು ಕೊಟ್ಟದ್ದೇನು? ದೆಹಲಿಯ ಲಾಲ್ ಮಂದಿರದ ಪಕ್ಷಿ ಚಿಕಿತ್ಸಾಲಯ ಜೈನ ಸಮಾಜಕ್ಕೆ ಭೂಷಣ. ಗಾಯಗೊಂಡು ಬಂದ ಹಕ್ಕಿಗೆ ಅಲ್ಲಿ ಔಷಧವಿದೆ. ಗಾಯವಾಗದಂತೆ ಬದುಕಬೇಕಾದ ಹಕ್ಕಿಗೆ ಬೇಕಾದದ್ದು ಮರ, ನೀರು, ನೆಲ. ಔಷಧದಾನದಲ್ಲಿ ಮುಂದಿರುವ ಸಮಾಜವು ಆ ಬಗೆಯ ಅಭಯದಾನದಲ್ಲಿ ಅಷ್ಟೇ ಮುಂದಿದೆಯೆ? ಪ್ರತಿಯೊಬ್ಬ ಗೃಹಸ್ಥನೂ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಉಪವಾಸದ ವಿಷಯದಲ್ಲಿ ಹಿರಿಯರ ಮಾತೊಂದಿದೆ: ಕಷಾಯ, ವಿಷಯ, ಆಹಾರ ಮೂರನ್ನೂ ಬಿಟ್ಟರೆ ಅದು ಉಪವಾಸ, ಆಹಾರವನ್ನು ಮಾತ್ರ ಬಿಟ್ಟರೆ ಅದು ಕೇವಲ ಲಂಘನ. ಇದೇ ನ್ಯಾಯವನ್ನು ಅಹಿಂಸೆಗೂ ಅನ್ವಯಿಸಬಹುದು. ಕೊಲ್ಲದಿರುವುದು ಅಹಿಂಸೆಯ ಮೊದಲ ಮೆಟ್ಟಿಲು. ಅದರೊಡನೆ ಮೈತ್ರಿಯೂ ಕಾರುಣ್ಯವೂ ಕೂಡದಿದ್ದರೆ ಆ ಅಹಿಂಸೆಯೂ ಒಂದು ಬಗೆಯ ಲಂಘನವೇ. ಹೊಟ್ಟೆ ಬರಿದಾದೊಡನೆ ನಿರ್ಜರೆಯಾಗುವುದಿಲ್ಲ. ಕೈ ಬರಿದಾದೊಡನೆ ದಯೆಯಾಗುವುದಿಲ್ಲ.

ಆದುದರಿಂದ ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧವನ್ನು ಆಚರಿಸುವ ಮನೆಗಳು ಒಂದು ಸಣ್ಣ ನಿಯಮವನ್ನು ಸ್ವೀಕರಿಸಬಹುದು. ಆ ದಿನ ಉಳಿದ ಅಡಿಗೆಯ ವೆಚ್ಚವನ್ನು ಬೇರೊಂದು ಡಬ್ಬಿಯಲ್ಲಿಟ್ಟು, ದಶಲಕ್ಷಣಪರ್ವದಲ್ಲಿ ಒಟ್ಟುಗೂಡಿಸಿ ಜೀವಿಗಳ ನೆಲೆಗಾಗಿ ವಿನಿಯೋಗಿಸಲಿ: ಬಸದಿಯ ಜಮೀನಿನಲ್ಲಿ ಹಣ್ಣಿನ ಮರಗಳ ತೋಪು, ಹೂಳು ತುಂಬಿದ ಊರ ಕೆರೆಯ ದುರಸ್ತಿ, ಗೂಡುಕಟ್ಟುವ ಹಳೆಯ ಮರವನ್ನು ಕೊಡಲಿಯಿಂದ ಬಿಡಿಸುವ ಪರಿಹಾರಧನ. ಅಮೆರಿಕೆಯಲ್ಲಿರುವ ಕುಟುಂಬಗಳು ಅಲ್ಲಿಯ ಕಾಡು ಮತ್ತು ಜೌಗುನೆಲಗಳನ್ನು ಬೇಟೆಯಿಲ್ಲದೆ ಕಾಯುವ ಕಾರ್ಯಗಳಿಗೆ ಕೊಡಲಿ. ಮೊತ್ತ ಅಲ್ಪವಾದರೂ ಚಿಂತೆಯಿಲ್ಲ. ಮೃಗಸೇನನು ಬಿಟ್ಟದ್ದು ಒಂದೇ ಮೀನು.

ಹಾಗೆ ಮಾಡಿದ ಮನೆಯ ಮಗುವು ‘ಬೇಟೆಗಾರರು ಕಾಡನ್ನು ಕಾಯುತ್ತಾರೆ, ಜೈನರು ಏನು ಮಾಡುತ್ತಾರೆ?’ ಎಂಬ ಪ್ರಶ್ನೆಗೆ ತಲೆ ತಗ್ಗಿಸಬೇಕಾಗಿಲ್ಲ. ಕೊಲ್ಲದೆಯೂ ಕಾಯಬಹುದೆಂಬುದಕ್ಕೆ ಅದರ ಮನೆಯ ವ್ರತವೇ ಪ್ರಮಾಣವಾಗುತ್ತದೆ. ಸರ್ವಜೀವಿಗಳಿಗೂ ಕ್ಷೇಮವಾಗಲಿ.