ಕಾಡಿಗೆ ಬಿಟ್ಟ ರಾತ್ರಿ

ರಾತ್ರಿ ಒಂಬತ್ತಾದರೆ ಬಂಡೀಪುರದ ಕಾಡು ಹಾಯುವ ರಸ್ತೆಗಳ ಚೆಕ್‌ಪೋಸ್ಟ್‌ಗಳಲ್ಲಿ ಗೇಟು ಬೀಳುತ್ತದೆ. ಊಟಿಯ ಕಡೆಗೋ ಸುಲ್ತಾನ್ ಬತ್ತೇರಿಯ ಕಡೆಗೋ ಹೊರಟ ಲಾರಿ, ಕಾರುಗಳು ಬೆಳಿಗ್ಗೆ ಆರರವರೆಗೆ ಕಾಯಬೇಕು. ಆಂಬುಲೆನ್ಸ್‌ಗಳಿಗೆ, ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ತಂದ ಈ ನಿರ್ಬಂಧವನ್ನು ಮರುವರ್ಷ ಹೈಕೋರ್ಟ್ ಎತ್ತಿಹಿಡಿಯಿತು. ಅದಕ್ಕೂ ಮುಂಚೆ ಹೆಡ್‌ಲೈಟಿನ ಬೆಳಕಿಗೆ ಕಣ್ಣು ಕೋರೈಸಿ, ನಿಂತಲ್ಲೇ ನಿಂತು ಸತ್ತ ಜಿಂಕೆ, ಕಡವೆಗಳು ಅದೆಷ್ಟೋ. ದಾರಿಯ ಮೇಲೆ ಚಪ್ಪಟೆಯಾದ ಹಾವು, ಕಪ್ಪೆ, ಕಾಡುಬೆಕ್ಕುಗಳ ಲೆಕ್ಕವನ್ನಂತೂ ಯಾರೂ ಇಡಲಿಲ್ಲ.

ಮನುಷ್ಯ ತಾನಾಗಿ ಏನನ್ನಾದರೂ ಬಿಟ್ಟುಕೊಟ್ಟ ಪ್ರಸಂಗಗಳು ಈ ಕಾಡಿನ ಚರಿತ್ರೆಯಲ್ಲಿ ಅಪರೂಪ. ಇದು ಮೈಸೂರು ಅರಸರ ಬೇಟೆಯ ನೆಲವಾಗಿತ್ತು. ಬಂದೂಕು ಹಿಡಿದು ಬಂದ ಅದೇ ಅರಸೊತ್ತಿಗೆ 1941ರಲ್ಲಿ ಇದನ್ನು ವನ್ಯಜೀವಿಗಳಿಗೆಂದು ಕಾಯ್ದಿರಿಸಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕರೆಯಿತು. ಆ ಮನಸ್ಸಿನ ಬದಲಾವಣೆಯನ್ನು ನಾನು ಗೌರವದಿಂದ ನೆನೆಯುತ್ತೇನೆ. 1972ರ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳು ಕೇವಲ 1,827. ಮರುವರ್ಷ ಹುಲಿ ಯೋಜನೆ ಶುರುವಾದಾಗ ಆರಿಸಿಕೊಂಡ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2022ರ ಅಂದಾಜಿನಂತೆ ಇಲ್ಲಿ 150 ಹುಲಿಗಳಿದ್ದವು. ಕಬಿನಿಯಾಚೆಯ ನಾಗರಹೊಳೆ, ಮೋಯಾರ್‌ನಾಚೆಯ ಮುದುಮಲೈ, ಪಕ್ಕದ ವಯನಾಡು, ಇವೆಲ್ಲ ಹುಲಿ, ಆನೆಗಳಿಗೆ ಒಂದೇ ಕಾಡು. ಬೇಸಿಗೆಯಲ್ಲಿ ನೀರು ಹುಡುಕಿ ಕಬಿನಿ ಹಿನ್ನೀರಿಗೆ ಇಳಿಯುವ ಆನೆಗೆ ರಾಜ್ಯದ ಗಡಿ ಎಲ್ಲಿಯದು?

ಆದರೆ ಈ ಹುಲಿಗಳಿಗಾಗಿ ಯಾರು ಏನನ್ನು ಕೊಟ್ಟರು ಎಂದು ಕೇಳಿಕೊಂಡಾಗ ಮನಸ್ಸು ನೆಮ್ಮದಿಯಾಗಿರುವುದಿಲ್ಲ. ಅರಸರು ಮೋಜನ್ನು ಬಿಟ್ಟರು. ನಾವು ಪ್ರಯಾಣಿಕರು ಒಂಬತ್ತು ಗಂಟೆಗಳ ದಾರಿಯನ್ನು ಬಿಟ್ಟೆವು; ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತಿಕೊಂಡು ಹೋಗಲು ನಮಗೆ ಇನ್ನೊಂದು ದಾರಿಯೂ ಇದೆ. ಈ ಕಾಡಿನ ಆದಿವಾಸಿಗಳಾದ ಸೋಲಿಗರು, ಜೇನುಕುರುಬರು, ಬೆಟ್ಟಕುರುಬರು ಮಾತ್ರ ಜೇನು, ಗೆಡ್ಡೆ, ಪೂರ್ವಿಕರ ದೇವರ ಬನ ಎಲ್ಲದರಿಂದ ದೂರವಾದರು, ಅದೂ ಯಾರೂ ಅವರನ್ನು ಒಂದು ಮಾತು ಕೇಳದೆ. ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಗಳ ಕಾಡಂಚಿನ ರೈತರು ರಾಗಿ, ಜೋಳ ತೆನೆಗಟ್ಟಿದಾಗ ಅಟ್ಟಣೆಯ ಮೇಲೆ ಕೂತು ಆನೆ ಕಾಯುತ್ತಾರೆ. ಕೊಟ್ಟಿಗೆಯ ಹಸುವನ್ನು ಹುಲಿ ಎಳೆದೊಯ್ದರೆ ಪರಿಹಾರದ ಅರ್ಜಿ ಹಿಡಿದು ಕಚೇರಿಗೆ ಅಲೆಯುವುದೂ ಅವರದೇ ಪಾಡು. ಊರ ಹಬ್ಬದ ಖರ್ಚನ್ನೆಲ್ಲ ಬಡವರ ಕೇರಿಯಿಂದಲೇ ಎತ್ತಿದ ಹಾಗಾಯಿತು ಇದು.

ಹೀಗಿರುವಾಗ ರಾತ್ರಿ ಸಂಚಾರದ ನಿಷೇಧ ತೆಗೆಯಬೇಕೆಂಬ ಕೂಗು ಮತ್ತೆ ಮತ್ತೆ ಏಳುತ್ತದೆ. ತರಕಾರಿ ಬಾಡುತ್ತದೆ, ವ್ಯಾಪಾರ ಕೆಡುತ್ತದೆ ಎನ್ನುತ್ತಾರೆ. ಕಾಡಿನ ಮೇಲೆ ಮೇಲ್ಸೇತುವೆ ಕಟ್ಟಿ ರಾತ್ರಿಯೂ ಓಡಾಡೋಣ ಎಂಬ ಪ್ರಸ್ತಾಪ 2018ರಲ್ಲಿ ಕೇಂದ್ರದಿಂದಲೇ ಬಂತು. ವ್ಯಾಪಾರಿಯ ನಷ್ಟ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಕಂಬಗಳಿಗೆ ಅಗೆಯುವಾಗ, ವರ್ಷಗಟ್ಟಲೆ ಯಂತ್ರಗಳು ಗುಡುಗುವಾಗ ಕಾಡು ಏನಾಗಬೇಕು? 2019ರ ಫೆಬ್ರುವರಿಯಲ್ಲಿ ಇಲ್ಲಿ ಬಿದ್ದ ಬೆಂಕಿ ಸಾವಿರಾರು ಎಕರೆ ಸುಟ್ಟಿತು. ಲಂಟಾನ ಹಬ್ಬಿದಲ್ಲೆಲ್ಲ ಹುಲ್ಲು ಮೇಲೇಳದೆ ಜಿಂಕೆ, ಕಾಟಿಗಳ ಮೇವು ಕುಗ್ಗಿದೆ. ಇಷ್ಟು ದಣಿದ ಕಾಡಿನಿಂದ ಅದಕ್ಕೆ ಉಳಿದ ರಾತ್ರಿಯನ್ನೂ ಕೇಳುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ನಿಷೇಧ ಇರಲಿ. ಅದರ ಜೊತೆಗೆ ಸಫಾರಿಯಿಂದ ಬರುವ ಹಣದಲ್ಲಿ ಕಾಡಂಚಿನ ಊರುಗಳಿಗೆ ನ್ಯಾಯವಾದ ಪಾಲು ಸಿಗಲಿ, ಬೆಳೆ ಪರಿಹಾರ ಅದೇ ಸುಗ್ಗಿಯೊಳಗೆ ರೈತನ ಕೈಸೇರಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಾಡಿಯವರು ಕೊಟ್ಟ ಅರ್ಜಿಗಳು ಕಡತದಿಂದ ಹೊರಬರಲಿ. ಹುಲಿ ನೋಡಲು ಜೀಪು ಹತ್ತುವ ನಾವೇ ಇದನ್ನು ಮೊದಲು ಕೇಳಬೇಕಾದವರು.