ಅಂತ್ಯಕಾಲದ ಆರೈಕೆ: ಕಾಯಕವೂ ದಾಸೋಹವೂ

ಗುಣವಾಗದ ವ್ಯಾಧಿಯಿಂದ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಮನೆಯವರ ಧರ್ಮವೆಂಬುದನ್ನು ನಮ್ಮ ಸಮಾಜದಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಧರ್ಮವನ್ನು ನೆರವೇರಿಸುವ ಬಗೆಯನ್ನು ಅವರಿಗೆ ಕಲಿಸಿಕೊಟ್ಟವರು ಯಾರು? ಅದನ್ನು ಹೊತ್ತು ಬಳಲಿದವರಿಗೆ ಹೆಗಲು ಕೊಡುವ ಹೊಣೆ ಯಾರದು? ಈ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಕರ್ತವ್ಯವನ್ನಷ್ಟೇ ಬೋಧಿಸಿದರೆ ಅದು ಅರ್ಧ ಧರ್ಮವಾದೀತು.

ಪ್ರೀತಿಯೊಂದಿದ್ದರೆ ಸಾಲದೆ, ಇದರಲ್ಲಿ ಕಲಿಯುವುದೇನಿದೆ ಎಂದು ಕೆಲವರು ಕೇಳಬಹುದು. ಸಾಲದೆಂಬುದಕ್ಕೆ ನಿತ್ಯದ ನಿದರ್ಶನಗಳೇ ಇವೆ. ಅಂತ್ಯಕಾಲ ಸಮೀಪಿಸಿದಾಗ ದೇಹಕ್ಕೆ ಅನ್ನ ಬೇಡವಾಗುತ್ತದೆ. ಅದು ಸಹಜ ಗತಿ. ಇದನ್ನರಿಯದ ಮಗನು ಮಮತೆಯಿಂದಲೇ ಗಂಜಿಯನ್ನು ಬಲವಂತವಾಗಿ ಬಾಯಿಗೆ ಹಾಕುತ್ತಾನೆ; ಅದು ಶ್ವಾಸನಾಳಕ್ಕಿಳಿದು ಸಂಕಟವನ್ನು ಹೆಚ್ಚಿಸಬಹುದು. ಒದ್ದೆಬಟ್ಟೆಯಿಂದ ತುಟಿ ನಾಲಿಗೆಗಳನ್ನು ತೇವವಾಗಿಡುವುದೇ ಆಗ ತಕ್ಕ ಉಪಚಾರ. ನೋಯುತ್ತದೆಂದು ಮಗ್ಗುಲು ಬದಲಿಸದೆ ಬಿಟ್ಟರೆ ಬೆನ್ನಿನಲ್ಲಿ ಹುಣ್ಣುಗಳೇಳುತ್ತವೆ; ಸುಮಾರು 2 ಗಂಟೆಗೊಮ್ಮೆ ಹೊರಳಿಸಬೇಕೆಂಬುದು ಶುಶ್ರೂಷೆಯ ಸಾಮಾನ್ಯ ನಿಯಮ. ವೈದ್ಯರು ನೋವಿಗೆ ಮಾರ್ಫಿನ್ ಕೊಟ್ಟಿದ್ದರೂ, ಚಟ ಹತ್ತೀತೆಂಬ ಅಂಜಿಕೆಯಿಂದ ಮನೆಯವರು ಅದನ್ನು ತಡೆಹಿಡಿಯುವುದುಂಟು. ನೋವು ಮರಳುವ ಮುನ್ನವೇ ಹೊತ್ತಿಗೆ ಸರಿಯಾಗಿ ಕೊಡಬೇಕಾದ ಔಷಧವದು. ಇಲ್ಲೆಲ್ಲ ಕೊರತೆಯಿರುವುದು ಪ್ರೀತಿಯಲ್ಲಲ್ಲ, ಅರಿವಿನಲ್ಲಿ.

ನೇಕಾರನು ಮಗ್ಗವನ್ನರಿಯದೆ, ಕಮ್ಮಾರನು ಕುಲುಮೆಯನ್ನರಿಯದೆ ಕಾಯಕ ಮಾಡಲಾರನು. ಶರಣರು ಕಾಯಕಕ್ಕೆ ಘನತೆಯನ್ನು ತಂದಾಗ, ಅದರೊಳಗಿನ ಕುಶಲತೆಗೂ ಘನತೆ ಬಂದಿತು. ಆರೈಕೆಯನ್ನು ಕಾಯಕವೆಂದು ಒಪ್ಪುವುದಾದರೆ, ಅದನ್ನು ಕಲಿಯಬೇಕೆಂಬುದನ್ನೂ ಒಪ್ಪಬೇಕಾಗುತ್ತದೆ. ಇದರಲ್ಲಿ ಹೇಸಿಗೆಯೆನ್ನುವುದಕ್ಕೂ ನಮಗೆ ಆಸ್ಪದವಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿಗಳೆಂಬ ಪಂಚಸೂತಕಗಳನ್ನು ನಿರಾಕರಿಸಿದ ಪರಂಪರೆ ನಮ್ಮದು. ಇಷ್ಟಲಿಂಗವನ್ನು ಧರಿಸಿದ ಕಾಯವು ಮಲಮೂತ್ರಗಳಿಂದ ಮಲಿನವಾದ ಮಾತ್ರಕ್ಕೆ ಲಿಂಗದ ನೆಲೆಯಾಗಿರುವುದನ್ನು ಬಿಡುವುದಿಲ್ಲ.

ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಮೊದಲು ದಾದಿಯಾಗಿ, ಅನಂತರ ವೈದ್ಯೆಯಾಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಧಾಮವನ್ನು ತೆರೆದರು. ಸಾಯುವವರ ನೋವು ಶರೀರದ್ದು ಮಾತ್ರವಲ್ಲ, ಮನಸ್ಸು, ಸಂಸಾರ, ಆತ್ಮಗಳದ್ದೂ ಹೌದೆಂಬುದು ಅವರ ಮುಖ್ಯ ಪ್ರತಿಪಾದನೆ. ಆದ್ದರಿಂದಲೇ ರೋಗಿಯೊಡನೆ ಅವನ ಕುಟುಂಬವೂ ಆರೈಕೆಗೆ ಪಾತ್ರವೆಂದು ಅವರು ಬಗೆದರು.

ಇನ್ನು ಎರಡನೆಯ ಪ್ರಶ್ನೆ. ನಮ್ಮ ಮನೆಗಳಲ್ಲಿ ಈ ಭಾರವು ಬಹುಮಟ್ಟಿಗೆ ಒಬ್ಬ ಹೆಣ್ಣುಮಗಳ ಮೇಲೆ, ಅನೇಕ ವೇಳೆ ಸೊಸೆಯ ಮೇಲೆ ಬೀಳುತ್ತದೆ. ಬಂದ ನೆಂಟರು ಅವಳನ್ನು ತ್ಯಾಗಮಯಿಯೆಂದು ಹೊಗಳಿ ಹೋಗುತ್ತಾರೆ. ಒಂದು ರಾತ್ರಿಯ ಮಟ್ಟಿಗೆ ನೀನು ಮಲಗು, ನಾವು ಎಚ್ಚರವಿರುತ್ತೇವೆ ಎನ್ನುವವರು ವಿರಳ. ಹೊಗಳಿಕೆಯು ಇಲ್ಲಿ ಹೊಣೆಯಿಂದ ನುಣುಚಿಕೊಳ್ಳುವ ಸುಲಭೋಪಾಯವಾಗುತ್ತದೆ. ತಿಂಗಳುಗಟ್ಟಲೆ ನಿದ್ದೆಗೆಟ್ಟವಳ ಬಾಯಿಂದ ಒಂದು ಕಟುನುಡಿ ಹೊರಟೀತು. ಅದನ್ನು ಕೇಳಿದ ರೋಗಿಯು ತಾನು ಎಲ್ಲರಿಗೂ ಭಾರವಾದೆನೆಂದು ಕೊರಗಿ ಬೇಗ ಸಾವನ್ನು ಬಯಸಿಯಾನು. ಈ ಪಾಪ ಅವಳೊಬ್ಬಳದೇ? ದೂರ ನಿಂತು ನೋಡಿದ ನಾವೆಲ್ಲರೂ ಅದರಲ್ಲಿ ಪಾಲುದಾರರು.

ಮಠದ ದಾಸೋಹವನ್ನು ಕಂಡವರು ಇದನ್ನು ಬಲ್ಲರು. ಅಲ್ಲಿ ಸೌದೆ ತರುವವರು ಒಬ್ಬರು, ಬೇಯಿಸುವವರು ಒಬ್ಬರು, ಬಡಿಸುವವರು ಮತ್ತೊಬ್ಬರು. ಸಾವಿರಾರು ಜನರ ಅನ್ನವನ್ನು ಒಬ್ಬನೇ ಬೇಯಿಸಿ ಬಡಿಸಬೇಕೆಂದರೆ ಅದು ದಾಸೋಹವೆನಿಸದು, ದಂಡನೆಯೆನಿಸುವುದು.

ಹೆತ್ತವರ ಸೇವೆಗೆ ಹೊರಗಿನವರನ್ನು ಕರೆದರೆ ಮಕ್ಕಳ ಋಣ ತೀರುವುದೆಂತು ಎಂಬ ಆಕ್ಷೇಪವೂ ಉಂಟು. ಆಕ್ಷೇಪ ಗೌರವಕ್ಕೆ ಅರ್ಹವಾದುದೇ. ಆದರೆ ಹುಣ್ಣಿಗೆ ಪಟ್ಟಿ ಕಟ್ಟಲು ನೆರೆಯವರೊಬ್ಬರು ಬಂದರೆ, ಮಗನಿಗೆ ತಂದೆಯ ಕೈಹಿಡಿದು ಕೂರಲು ಬಿಡುವಾಗುತ್ತದೆ. ನೆರವು ಮಗನ ಸ್ಥಾನವನ್ನು ಕಸಿಯುವುದಿಲ್ಲ. ಆ ಸ್ಥಾನದಲ್ಲಿ ಉಳಿಯುವಷ್ಟು ಶಕ್ತಿಯನ್ನು ಅವನಿಗೆ ಕೊಡುತ್ತದೆ.

ಇದು ಬರಿಯ ಆದರ್ಶವಲ್ಲ. ನೆರೆಯ ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ನೋವು ಶಮನದ ಸಂಘವೊಂದು ಹುಟ್ಟಿತು. ಕೆಲವು ವರ್ಷಗಳಲ್ಲಿ ಮಲಪ್ಪುರಂ ಮೊದಲಾದೆಡೆಗಳಲ್ಲಿ ನೆರೆಹೊರೆಯವರೇ ಈ ಹೊಣೆಯನ್ನು ಹಂಚಿಕೊಂಡರು. ವಾರಕ್ಕೆ ಕನಿಷ್ಠ 2 ಗಂಟೆ ಕೊಡಬಲ್ಲವರನ್ನು ಸೇರಿಸಿಕೊಂಡು, 16 ಗಂಟೆಗಳ ಪಾಠವನ್ನೂ ರೋಗಿಗಳ ನಡುವೆ ಅನುಭವವನ್ನೂ ಕೊಟ್ಟು ಮನೆಮನೆಗೆ ಕಳುಹಿಸಿದರು. 2008ರಲ್ಲಿ ಅಲ್ಲಿಯ ಸರ್ಕಾರವು ಇದಕ್ಕಾಗಿ ಒಂದು ನೀತಿಯನ್ನೇ ಪ್ರಕಟಿಸಿತು. ನಮ್ಮ ಬೆಂಗಳೂರಿನಲ್ಲಿಯೂ 1994ರಲ್ಲಿ ಆರಂಭವಾದ ಕರುಣಾಶ್ರಯವು ಕ್ಯಾನ್ಸರಿನ ಕೊನೆಯ ಹಂತದವರನ್ನು ಹಣ ಪಡೆಯದೆ ಆರೈಕೆ ಮಾಡುತ್ತ ಬಂದಿದೆ.

ಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಇಂದು ಊರೂರುಗಳಲ್ಲಿದ್ದಾರೆ. ವೈದ್ಯರೂ ದಾದಿಯರೂ ಶಿಕ್ಷಕರೂ ಆಗಿದ್ದಾರೆ. ಬಲ್ಲವರು ಕಲಿಸಲಿ, ಉಳಿದವರು ಕಲಿಯಲಿ. ಊರಿಗೆ ನಾಲ್ಕೈದು ಮಂದಿ ಸೇರಿ, ಹಾಸಿಗೆ ಹಿಡಿದವರಿರುವ ಮನೆಗೆ ವಾರಕ್ಕೊಮ್ಮೆ ಹೋಗಿ, ಆರೈಕೆ ಮಾಡುವವರಿಗೆ ಅರ್ಧ ದಿನದ ವಿಶ್ರಾಂತಿಯನ್ನಾದರೂ ದೊರಕಿಸಲಿ. ಲಿಂಗೈಕ್ಯರಾದ ಮೇಲೆ ಸಮಾಧಿಯ ಬಳಿ ನೆರೆಯುವ ನಾವು, ಅದಕ್ಕೆ ಮುನ್ನ ಆ ಮನೆಯ ಬಾಗಿಲನ್ನು ಒಮ್ಮೆ ತಟ್ಟುವುದು ಭಕ್ತಿಗೆ ಹೆಚ್ಚು ಒಪ್ಪುವ ಮಾತು.