ಬೆವರಿನ ಲೆಕ್ಕ, ಅನ್ನದ ಲೆಕ್ಕ



ದೇಹವನ್ನು ದಂಡಿಸುವುದಕ್ಕೂ ದುಡಿಸುವುದಕ್ಕೂ ಭೇದವುಂಟೇ ಎಂಬ ಪ್ರಶ್ನೆ ಹಳೆಯದು. ಈಚೆಗೆ ಅದು ಹೊಸ ವೇಷ ತೊಟ್ಟು ಮಠದ ಜಗಲಿಗೂ ಬಂದಿದೆ. ನಮ್ಮಲ್ಲಿ ಓದಿ ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ದರ್ಶನಕ್ಕೆ ಬಂದಾಗ ಕೈಗಡಿಯಾರ ನೋಡಿ, “ಇಂದು ಇಷ್ಟು ಕ್ಯಾಲೊರಿ ಕರಗಿತು, ಬುದ್ಧಿ” ಎನ್ನುತ್ತಾರೆ. ತಾಳಬೆಟ್ಟದಿಂದ ಮಾದೇಶ್ವರನ ಬೆಟ್ಟಕ್ಕೆ ನಡೆದರೆ ಎಷ್ಟು, ಉರುಳುಸೇವೆಗೆ ಎಷ್ಟು, ಕುಳಿತು ಚದುರಂಗವಾಡಿದರೂ ಕರಗುವುದೇ ಎಂದು ಕೇಳುವವರೂ ಉಂಟು. ಕೇಳುವುದು ತಪ್ಪಲ್ಲ. ತಿಳಿದು ಕೇಳಿದರೆ ಇನ್ನೂ ಒಳ್ಳೆಯದು.

ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಲು ಬೇಕಾಗುವ ಶಾಖವೇ, ನಾವು ಆಡುಮಾತಿನಲ್ಲಿ ಕ್ಯಾಲೊರಿ ಎನ್ನುವ ಕಿಲೋಕ್ಯಾಲೊರಿ. 60 ಕಿಲೋ ತೂಕದವರು ಸುಮ್ಮನೆ ಮಲಗಿದ್ದರೂ ಗಂಟೆಗೆ ಸುಮಾರು 60 ಕ್ಯಾಲೊರಿ ವ್ಯಯವಾಗುತ್ತದೆ. ಚದುರಂಗಕ್ಕೆ ಸುಮಾರು 90, ಸಾಧಾರಣ ನಡಿಗೆಗೆ 200, ಗುದ್ದಲಿ ಹಿಡಿದು ಅಗೆಯುವುದಕ್ಕೆ 300, ಬೆಟ್ಟ ಹತ್ತುವುದಕ್ಕೆ ಅದಕ್ಕೂ ಹೆಚ್ಚು. ಇವು ಅಂದಾಜುಗಳು; ಶರೀರಧರ್ಮದಂತೆ ಹೆಚ್ಚು ಕಡಿಮೆಯಾಗುತ್ತವೆ. ಅಗೆದದ್ದು ತನ್ನ ಹೊಲವನ್ನೋ ಪರರ ಹೊಲವನ್ನೋ, ಬೆಟ್ಟ ಹತ್ತಿದ್ದು ಭಕ್ತಿಯಿಂದಲೋ ಬೊಜ್ಜಿನ ಭಯದಿಂದಲೋ ಎಂಬುದು ಈ ಮಾಪನಕ್ಕೆ ಗೋಚರಿಸದು. ಬೆವರು ಬೆವರೇ ಅಲ್ಲವೇ ಎಂದು ಕೆಲವರು ವಾದಿಸುವುದು ಈ ಕಾರಣದಿಂದಲೇ.

ಇಲ್ಲೊಂದು ವಿನೋದವನ್ನು ಹೇಳಬೇಕು. ವ್ಯಾಯಾಮಶಾಲೆಗಳಲ್ಲಿ ಹಣ ತೆತ್ತು ಓಡುವ ಟ್ರೆಡ್‌ಮಿಲ್‌ನ ಹೆಸರು ಮೊದಲು ಇದ್ದದ್ದು ಸೆರೆಮನೆಯ ಯಂತ್ರಕ್ಕೆ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರು ಕೈದಿಗಳನ್ನು ದುಡಿಸಲೆಂದು ಮೆಟ್ಟಿಲುಗಳ ದೊಡ್ಡ ಚಕ್ರವನ್ನು ರೂಪಿಸಿದನು. ಎಷ್ಟೋ ಕಡೆ ಆ ಚಕ್ರ ಏನನ್ನೂ ಬೀಸುತ್ತಿರಲಿಲ್ಲ, ಬರಿದೇ ತಿರುಗುತ್ತಿತ್ತು. 1898ರ ಕಾನೂನಿನಿಂದ ಆ ಶಿಕ್ಷೆ ನಿಂತಿತು. ಅಂದು ಶಿಕ್ಷೆಯಾಗಿದ್ದದ್ದು ಇಂದು ಚಂದಾ ಕಟ್ಟಿ ಪಡೆಯುವ ಸೌಕರ್ಯವಾಗಿದೆ!

ನಗುವುದಕ್ಕಾಗಿ ಇದನ್ನು ಹೇಳಿಲ್ಲ. ಕುರ್ಚಿಯಲ್ಲಿ ಕುಳಿತು ಮಾಡುವ ಪ್ರಾಮಾಣಿಕ ಕೆಲಸವೂ ಕಾಯಕವೇ. ಸಕ್ಕರೆ ಕಾಯಿಲೆಯವರಿಗೆ ನಡೆಯಿರೆಂದು ವೈದ್ಯರು ಹೇಳಿದರೆ ನಡೆಯಲೇಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಮೈಯಾಡಿಸಿರೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ತನ್ನ ಅಂಗಳವನ್ನು ತಾನೇ ಗುಡಿಸಿ, ಉಂಡ ತಟ್ಟೆಯನ್ನು ತಾನೇ ತೊಳೆದರೆ, ಮೈಯೂ ಸಡಿಲವಾಗುತ್ತದೆ, ಮನೆಯಲ್ಲಿ ಇನ್ನೊಬ್ಬರ ಹೊರೆಯೂ ಅಷ್ಟು ಇಳಿಯುತ್ತದೆ. ಚಕ್ರದ ಮೇಲಿನ ಓಟದಿಂದ ಯಾರ ಹೊರೆ ಇಳಿಯಿತು? ಹಾಗಾದರೆ ಶಿವರಾತ್ರಿಗೆ ಮಾದೇಶ್ವರನ ಬೆಟ್ಟಕ್ಕೆ ಹರಿದುಬರುವ ಕಾಲ್ನಡಿಗೆಯವರಿಂದಲೂ ಯಾರ ಹೊರೆಯೂ ಇಳಿಯದಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಆ ಯಾತ್ರಿಕನು ಮೈಯ ಲೆಕ್ಕವನ್ನೇ ಮರೆತು ನಡೆಯುತ್ತಾನೆ; ಅವನನ್ನು ಈ ತಕ್ಕಡಿಯಲ್ಲಿ ತೂಗುವುದು ಸಲ್ಲದು.

ನಮ್ಮನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ಕ್ಯಾಲೊರಿಯ ಲೆಕ್ಕವನ್ನು ಕರಗಿಸಲು ಮಾತ್ರ ಬಳಸುವ ನಾವು ತುಂಬಲು ಏಕೆ ಬಳಸೆವು? ಗುಂಡ್ಲುಪೇಟೆ, ಚಾಮರಾಜನಗರದ ಸುತ್ತಿನ ಹೊಲಗಳಲ್ಲಿ ಅರಿಶಿನ ಅಗೆಯುವ ಕಾಲದಲ್ಲಿ ನೋಡಿರಿ. ಹೆಣ್ಣುಮಕ್ಕಳು ಬೆಳಗಿನಿಂದ ಸೊಂಟ ಬಗ್ಗಿಸಿ ಗೆಡ್ಡೆ ಆರಿಸಿ, ಮಣ್ಣು ಕೊಡವಿ, ಮಂಕರಿ ಹೊತ್ತು ಸಾಗಿಸುತ್ತಾರೆ. ಸಂಜೆ ಮನೆಗೆ ಬಂದು ನೀರು, ಸೌದೆ, ಒಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, 55 ಕಿಲೋ ತೂಕದ ಮಹಿಳೆಗೆ ಕುಳಿತು ಮಾಡುವ ಕೆಲಸವಾದರೆ ದಿನಕ್ಕೆ 1,660 ಕ್ಯಾಲೊರಿ ಸಾಕು, ಕಠಿಣ ದುಡಿಮೆಯಾದರೆ 2,720 ಬೇಕು. ಅಂತರ 1,060. ನೂರು ಗ್ರಾಂ ರಾಗಿಯಲ್ಲಿರುವುದು ಸುಮಾರು 320. ಎಂದರೆ, ಆಕೆಗೆ ಹೆಚ್ಚಾಗಿ ಸಲ್ಲಬೇಕಾದದ್ದು 330 ಗ್ರಾಂ ಹಿಟ್ಟಿನ ಮುದ್ದೆ, ದಿನದಿನವೂ. ಆಕೆಯೋ ಎಲ್ಲರಿಗೂ ಬಡಿಸಿ, ಉಳಿದಷ್ಟನ್ನು ಉಣ್ಣುವವಳು. ಹಸಿವನ್ನು ಅಡಗಿಸಿಕೊಂಡು ಬಡಿಸುವುದನ್ನು ನಾವು ತ್ಯಾಗವೆಂದು ಹೊಗಳಿ ಸುಮ್ಮನಾಗುತ್ತೇವೆ. ಆ ಹೊಗಳಿಕೆ ನಮಗೆ ಅನುಕೂಲವಾದದ್ದು.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ತಿಳಿದದ್ದೇ. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹೇಳಿದಳು. ಆಕೆ ಅಳೆದದ್ದು ಮೈಯನ್ನಲ್ಲ, ಮನೆಗೆ ಬಂದ ಧಾನ್ಯವನ್ನು. ನಮಗೆ ಸಲ್ಲದ ಹೆಚ್ಚಿನದು ಮೊದಲು ಮನೆಗೆ ಬರುತ್ತದೆ, ಆಮೇಲೆ ಸೊಂಟಕ್ಕೆ ಏರುತ್ತದೆ. ಅದನ್ನು ಕರಗಿಸುವ ಉಪಾಯವನ್ನು ಗಡಿಯಾರದಲ್ಲಿ ಹುಡುಕುವ ಮುನ್ನ, ಅದು ಯಾರ ತಟ್ಟೆಗೆ ಸಲ್ಲಬೇಕಾಗಿತ್ತು ಎಂದು ಕೇಳಬಾರದೇ?

ಇಂದು ರಾತ್ರಿ ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೆಂದು ನೋಡಿರಿ. ಅವರು ಕುಳಿತಾಗ ಪಾತ್ರೆಯಲ್ಲಿ ಎಷ್ಟು ಮುದ್ದೆ ಉಳಿದಿತ್ತೆಂಬುದನ್ನೂ ನೋಡಿರಿ.